ಸೇತುವೆಗೆ ಅಡ್ಡರಸ್ತೆ ಇರುವುದಿಲ್ಲ

‘ಸೈಕಲ್‌ಗೆ ನನ್ನ ವಿರೋಧ ಏನೂ ಇಲ್ಲ ಕಣ್ರೀ. ಆದರೆ ಬ್ರಿಜ್ ಮೇಲೆ ಯಾಕೆ?’

ವ್ಯಾಂಕೂವರಿಗೆ ಬಂದ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಮೊದಲ ಸಲ ಕೇಳಿದ್ದು 2009ರ ಬೇಸಿಗೆಯಲ್ಲಿ, ಕನ್ನಡಿಗರೊಬ್ಬರ ಮನೆಯ ಊಟದಲ್ಲಿ. ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಇನ್ನೊಂದರಲ್ಲಿ ಅರ್ಧ ಮುರಿದ ಹಪ್ಪಳ ಹಿಡಿದು ಹೀಗೆಂದವರು ದಾವಣಗೆರೆ ಕಡೆಯ ಗೆಳೆಯರು. ಡೌನ್‌ಟೌನಿಗೆ ಹೋಗುವ ಬರಾರ್ಡ್ ಸೇತುವೆಯ ಒಂದು ಲೇನನ್ನು ಕಾರುಗಳಿಂದ ಬಿಡಿಸಿ ಸೈಕಲ್ಲಿಗೆ ಕೊಡಲು ಆಗಷ್ಟೇ ನಗರ ಕೌನ್ಸಿಲ್ ತೀರ್ಮಾನಿಸಿತ್ತು. ಗೆಳೆಯರು ಒಳ್ಳೆಯವರು. ಹಸಿರು, ಗಿಡಮರ, ಶುದ್ಧ ಗಾಳಿ ಎಲ್ಲಕ್ಕೂ ಅವರ ಒಪ್ಪಿಗೆಯಿದೆ. ಊರೊಳಗಿನ ಯಾವ ಬೀದಿಯಲ್ಲಾದರೂ ಸೈಕಲ್ ದಾರಿ ಮಾಡಿ, ಬೇಡ ಎನ್ನುವುದಿಲ್ಲ. ಸೇತುವೆಯೊಂದನ್ನು ಬಿಟ್ಟುಬಿಡಿ.

ಸೈಕಲ್ಲನ್ನು ಕಂಡರೆ ಮೈ ಉರಿಯುತ್ತದೆ ಎಂದು ನೇರವಾಗಿ ಹೇಳುವವರ ಜತೆ ನನಗೆ ಜಗಳವಿಲ್ಲ. ಅವರ ಸಂಖ್ಯೆ ಕಡಿಮೆ, ಅವರ ಮಾತಿಗೆ ಬೆಲೆಯೂ ಕಡಿಮೆ. ನನ್ನ ತಕರಾರು ಈ ಸಭ್ಯರ ಜತೆ. ಯಾಕೆಂದರೆ ವ್ಯಾಂಕೂವರ್ ಇರಲಿ, ನ್ಯೂಯಾರ್ಕ್ ಇರಲಿ, ಸೇತುವೆಗಳ ವಿಷಯದಲ್ಲಿ ಊರುಗಳನ್ನು ದಶಕಗಟ್ಟಲೆ ಕಟ್ಟಿಹಾಕಿದ್ದು ಬೈಗುಳವಲ್ಲ, ಈ ‘ಆದರೆ’. ಇದು ವಿವೇಕದ ಮಾತಿನ ಹಾಗೆ ಕೇಳಿಸುತ್ತದೆ. ನಡುದಾರಿ ಹಿಡಿದವರ ಗತ್ತು ಅದಕ್ಕಿದೆ. ಬಿಡಿಸಿ ನೋಡಿದರೆ ಮಾತ್ರ ಪೂರ್ತಿ ತಲೆಕೆಳಗು.

ಊರಿನ ಬೀದಿಗೂ ಸೇತುವೆಗೂ ಇರುವ ವ್ಯತ್ಯಾಸ ಒಂದೇ. ಬೀದಿಗೆ ಪಕ್ಕದಲ್ಲಿ ಇನ್ನೊಂದು ಬೀದಿ ಇರುತ್ತದೆ. ಮುಖ್ಯರಸ್ತೆಯಲ್ಲಿ ಬಸ್ಸು ಲಾರಿ ಜೋರಾಗಿದ್ದರೆ ಸೈಕಲ್ಲಿನವನು ಹಿಂದಿನ ಗಲ್ಲಿ ಹಿಡಿಯಬಹುದು, ಮುದುಕಿ ಎದುರಿನ ಅಂಗಡಿಯ ಜಗಲಿ ಹತ್ತಬಹುದು. ಸೇತುವೆಗೆ ಅಡ್ಡರಸ್ತೆ ಇಲ್ಲ, ಜಗಲಿ ಇಲ್ಲ, ಹಿಂದಿನ ಗಲ್ಲಿ ಇಲ್ಲ. ಎಡಕ್ಕೂ ಬಲಕ್ಕೂ ನೀರು. ಹಾಗಿರುವಾಗ ಸೈಕಲ್ಲಿಗೂ ಕಾಲಿಗೂ ಬೇರೆ ಜಾಗ ಊರಿನಲ್ಲಿ ಎಲ್ಲಿ ಬೇಕಾದರೂ ಇರಲಿ, ಇಲ್ಲದಿರಲಿ, ಸೇತುವೆಯ ಮೇಲೆ ಇರಲೇಬೇಕು. ಈ ಸಭ್ಯರು ‘ಎಲ್ಲೆಡೆ ಕೊಡಿ, ಇಲ್ಲಿ ಬೇಡ’ ಎನ್ನುತ್ತಾರೆ. ಎಲ್ಲೆಡೆ ಕೊಟ್ಟು ಇಲ್ಲಿ ಕೊಡದಿದ್ದರೆ ಎಲ್ಲೆಡೆ ಕೊಟ್ಟದ್ದೂ ದಂಡ. ಮನೆಯಿಂದ ಹೊಳೆಯ ದಡದ ತನಕ ಚೆಂದದ ದಾರಿ, ಆಚೆ ದಡದಿಂದ ಆಫೀಸಿನ ತನಕ ಚೆಂದದ ದಾರಿ, ನಡುವೆ ದೇವರೇ ಗತಿ. ಇಂಥ ಏರ್ಪಾಡನ್ನು ದಾರಿ ಎಂದು ಕರೆಯುವವರು ಸೈಕಲ್ ಹತ್ತಿ ಎಷ್ಟು ವರ್ಷವಾಯಿತೋ.

ವ್ಯಾಂಕೂವರಿನ ಡೌನ್‌ಟೌನ್ ಒಂದು ಪರ್ಯಾಯ ದ್ವೀಪ. ಅದರ ದಕ್ಷಿಣಕ್ಕೆ ಫಾಲ್ಸ್ ಕ್ರೀಕ್ ಎಂಬ ಹಿನ್ನೀರು ಒಳನುಗ್ಗಿದೆ. ಅದನ್ನು ದಾಟಲು ಬರಾರ್ಡ್, ಗ್ರಾನ್‌ವಿಲ್, ಕ್ಯಾಂಬಿ ಎಂಬ ಮೂರು ಸೇತುವೆಗಳು. ದಕ್ಷಿಣ ದಡದ ಕಿಟ್ಸಿಲಾನೊ ಕಡೆಯವರಿಗೆ ಬರಾರ್ಡ್ ಹತ್ತಿರ. ಸೇತುವೆ ಬೇಡವೆಂದರೆ ನೀರಿನ ಅಂಚು ಹಿಡಿದು ಸುತ್ತು ಬರಬೇಕು. ನಡೆಯುವವರಿಗೆ ಅದು ಗಂಟೆಗೂ ಹೆಚ್ಚಿನ ದಾರಿ. ಪುಟ್ಟ ದೋಣಿಗಳಿವೆ, ದುಡ್ಡು ಕೊಟ್ಟು ಹತ್ತಬೇಕು. ಪ್ರವಾಸಿಗರಿಗೆ ಖುಷಿ ಕೊಡುತ್ತವೆ, ಊರನ್ನು ಕೆಲಸಕ್ಕೆ ಮುಟ್ಟಿಸಲಾರವು. ಪಕ್ಕದ ಗ್ರಾನ್‌ವಿಲ್ ಸೇತುವೆ ಹಿಡಿಯಿರಿ ಎಂದು ಆಗ ಸುಲಭವಾಗಿ ಹೇಳುವವರಿದ್ದರು. ಆ ಸೇತುವೆ ಏನೆಂದು ಆಮೇಲೆ ಹೇಳುತ್ತೇನೆ.

2009ಕ್ಕೆ ಮೊದಲು ಬರಾರ್ಡ್ ಸೇತುವೆಯ ಮೇಲೆ ಕಾರುಗಳಿಗೆ ಆರು ಲೇನು. ಎರಡೂ ಅಂಚಿನಲ್ಲಿ ಸುಮಾರು 2.6 ಮೀಟರ್, ಅಂದರೆ ಎಂಟೂವರೆ ಅಡಿಯ ಫುಟ್‌ಪಾತ್. ನಡೆಯುವವರೂ ಸೈಕಲ್ಲಿನವರೂ ಆ ಎಂಟೂವರೆ ಅಡಿಯನ್ನೇ ಹಂಚಿಕೊಳ್ಳಬೇಕು. ಒಂದು ಪಕ್ಕ ಕಟಕಟೆ, ಅದರಾಚೆ ನೀರು. ಇನ್ನೊಂದು ಪಕ್ಕ ಒಂದು ಗೇಣಿನ ಕೆಳಗೆ ಬಸ್ಸು ಲಾರಿ ಓಡುವ ರಸ್ತೆ, ನಡುವೆ ಬೇಲಿ ಇಲ್ಲ, ತಡೆಗೋಡೆ ಇಲ್ಲ.

2008ರಲ್ಲಿ ಅಮ್ಮ ಊರಿಂದ ಬಂದಿದ್ದರು. ಒಂದು ಸಂಜೆ ಸಮುದ್ರ ನೋಡಲೆಂದು ಸೇತುವೆ ಮೇಲೆ ನಡೆದು ಹೊರಟೆವು. ಅಮ್ಮ ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ ಹಾಕಿಕೊಂಡು, ಕಾಲಿಗೆ ಹೊಸ ಬೂಟು ತೊಟ್ಟು, ಅದನ್ನು ಬೈಯುತ್ತಾ ಬರುತ್ತಿದ್ದರು. ಸೇತುವೆಯ ನಡುವಿಗೆ ಬಂದಾಗ ಹಿಂದಿನಿಂದ ಸೈಕಲ್ ಬೆಲ್ ಕೇಳಿತು. ನಾನು ಬಲಕ್ಕೆ ಸರಿದೆ, ಅಮ್ಮ ನಮ್ಮೂರ ರೂಢಿಯಂತೆ ಎಡಕ್ಕೆ ಸರಿದರು. ಸೈಕಲ್ಲಿನ ಹುಡುಗ ಇಬ್ಬರ ನಡುವೆ ತೂರಲು ಹೋಗಿ, ತೂರಲಾಗದೆ, ಒಂದು ಕಾಲನ್ನು ಫುಟ್‌ಪಾತಿನ ಅಂಚಿಗೆ ಊರಿ ನಿಂತ. ಅವನ ಹ್ಯಾಂಡಲ್ ರಸ್ತೆಯ ಮೇಲೆ ಚಾಚಿತ್ತು. ಮರುಗಳಿಗೆಯಲ್ಲೇ ಬಸ್ಸೊಂದು ಹಾದುಹೋಯಿತು. ಬಸ್ಸಿನ ಗಾಳಿಗೆ ಅಮ್ಮನ ಸೆರಗು ಮೇಲೆದ್ದು ಅವನ ಮುಖಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಹುಡುಗ ಮೂರು ಸಲ ಸಾರಿ ಹೇಳಿದ. ಅವನ ತುಟಿ ಬಿಳಿಚಿತ್ತು. ಅಮ್ಮ ಕಟಕಟೆ ಹಿಡಿದುಕೊಂಡವರು ಬಿಡಲೇ ಇಲ್ಲ, ಉಳಿದ ದಾರಿಯನ್ನೆಲ್ಲ ಅದನ್ನು ಸವರಿಕೊಂಡೇ ನಡೆದರು. ಮನೆಗೆ ಬಂದ ಮೇಲೆ, ‘ಆ ಮಗುಗೆ ಬೈಬೇಡ ಕಣೋ, ಅವನಾದ್ರೂ ಎಲ್ಲಿ ಹೋಗ್ಬೇಕು’ ಎಂದರು.

ಆ ಕಾಲದ ಚರ್ಚೆಯಲ್ಲಿ ಸೈಕಲ್ಲಿನವರ ಮೇಲೆ ನಡೆಯುವವರಿಗಿದ್ದ ಸಿಟ್ಟೇ ದೊಡ್ಡ ವಿಷಯ. ‘ಇವರ ಕಾಟದಿಂದ ಫುಟ್‌ಪಾತಿನಲ್ಲಿ ನಡೆಯುವ ಹಾಗಿಲ್ಲ’ ಎಂದು ಒಬ್ಬರು, ‘ಮೂರು ಜನ ಸಾಲಾಗಿ ಹರಟುತ್ತಾ ಹೋದರೆ ನಾವು ಹೇಗೆ ಹೋಗಬೇಕು’ ಎಂದು ಇನ್ನೊಬ್ಬರು. ಎಂಟೂವರೆ ಅಡಿಗಾಗಿ ಕಿತ್ತಾಡುವ ಈ ಇಬ್ಬರ ಪಕ್ಕದಲ್ಲೇ ಆರು ಲೇನು ಹರಿಯುತ್ತಿತ್ತು. ಬೆಣ್ಣೆಗೆ ಜಗಳವಾಡಿದ ಎರಡು ಬೆಕ್ಕಿನ ಕಥೆಯಲ್ಲಿ ಕೋತಿ ತಕ್ಕಡಿಯನ್ನಾದರೂ ಹಿಡಿದಿತ್ತು. ಇಲ್ಲಿ ತಕ್ಕಡಿಯ ಸೋಗೂ ಇಲ್ಲ.

ಸೇತುವೆ ಕಟ್ಟಿದ್ದೇ ವಾಹನಗಳಿಗೆ ಎನ್ನುವುದು ಗೆಳೆಯರ ಮೊದಲ ವಾದ. ಬರಾರ್ಡ್ ಸೇತುವೆ ತೆರೆದದ್ದು 1932ರ ಜುಲೈ 1ರಂದು. ಕಟ್ಟಿದವರು ಎರಡೂ ಬದಿಗೆ ನಡೆಯುವವರಿಗೆ ಜಾಗ ಬಿಟ್ಟರು. ರಸ್ತೆಯ ಕೆಳಗೆ ಇನ್ನೊಂದು ಅಂತಸ್ತಿನಲ್ಲಿ ರೈಲು ಹಾಯಲಿ ಎಂದು ಅನುಕೂಲವನ್ನೂ ಇಟ್ಟರು. ಆ ರೈಲು ಬರಲೇ ಇಲ್ಲ, ಅದು ಬೇರೆ ಮಾತು. ಸೇತುವೆಯ ಬಾಯಲ್ಲಿ ಬೆಂಕಿಕುಂಡಗಳಂಥ ದೊಡ್ಡ ದೀಪಗಳಿವೆ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಕೆನಡಾದ ಸೈನಿಕರು ಚಳಿಗೆ ಬೆಂಕಿಯ ಸುತ್ತ ಮುದುಡಿ ಕೂತಿದ್ದುದರ ನೆನಪಿಗೆ ಅವನ್ನು ಇಟ್ಟದ್ದು. ಕಾರಿನಲ್ಲಿ ಹೋಗುವವನಿಗೆ ಅದು ಒಂದು ಕಂಬ ಅಷ್ಟೆ. ಹತ್ತಿರ ನಿಂತು ನೋಡುವವರಿಗಾಗಿ ಮಾಡಿದ ಕೆಲಸ ಅದು.

ಕಾರುಗಳಿಗಾಗಿಯೇ ಸೇತುವೆ ಎನ್ನುವವರು ಒಮ್ಮೆ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಚರಿತ್ರೆ ಓದಬೇಕು. ಅದು ತೆರೆದದ್ದು 1883ರ ಮೇ 24ರಂದು. ಆಗ ಬೀದಿಯಲ್ಲಿ ಕಾರೇ ಇರಲಿಲ್ಲ. ಮೊದಲ ದಿನ ಸೇತುವೆ ದಾಟಿದ ಜನ 1,50,300, ಗಾಡಿಗಳು 1,800. ನಡೆದು ಹೋಗುವವರು ಒಂದು ಸೆಂಟ್ ಸುಂಕ ಕಟ್ಟಿ ದಾಟುತ್ತಿದ್ದರು. ಸೇತುವೆಯ ನಕ್ಷೆ ಹಾಕಿದ ಜಾನ್ ರೋಬ್ಲಿಂಗ್ ನಡೆಯುವವರ ದಾರಿಯನ್ನು ಅಂಚಿಗೆ ತಳ್ಳಲಿಲ್ಲ. ಗಾಡಿಗಳ ತಲೆಗಿಂತ ಮೇಲೆ, ನಟ್ಟನಡುವೆ ಎತ್ತರಿಸಿ ಬರೆದ, ನಡೆಯುವವನಿಗೆ ಆಚೀಚೆ ಊರೂ ನೀರೂ ಕಾಣಲಿ ಎಂದು. ಮುಂದೆ ಸೇತುವೆಯ ಮೇಲೆ ಮೇಲ್ಸೇತುವೆ ರೈಲು ಓಡಿತು, ಟ್ರಾಮ್ ಓಡಿತು. ರೈಲು 1944ರಲ್ಲಿ ನಿಂತಿತು, ಟ್ರಾಮ್ 1950ರಲ್ಲಿ. ಹಳಿಗಳನ್ನೆಲ್ಲ ಕಿತ್ತು ಆರು ಲೇನು ಮಾಡಿ ಕಾರುಗಳಿಗೆ ಒಪ್ಪಿಸಿದರು. ಸೇತುವೆ ಕಾರುಗಳಿಂದ ತುಂಬಿತು. ಅದನ್ನು ದಾಟುವ ಜನರ ಸಂಖ್ಯೆ ಮಾತ್ರ ರೈಲಿನ ಕಾಲಕ್ಕೆ ಹೋಲಿಸಿದರೆ ಎಷ್ಟೋ ಕೆಳಗೆ ಬಿತ್ತು. ಅದೇ ಸೇತುವೆ, ಅದೇ ಅಗಲ. ಕಾರು ತುಂಬಿದ ಮೇಲೆ ಹಾಯುವ ಜನ ಮಾತ್ರ ಕಡಿಮೆ.

2001ರ ಸೆಪ್ಟೆಂಬರ್ 11ರಂದು ಮ್ಯಾನ್‌ಹ್ಯಾಟನ್‌ನಿಂದ ಜನ ಮನೆಗೆ ಹೋದದ್ದು ಆ ಸೇತುವೆಯ ಮೇಲೆ ನಡೆದು. 1980ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಮುಷ್ಕರ ಹೂಡಿದಾಗಲೂ ಊರು ಕೆಲಸಕ್ಕೆ ಹೋದದ್ದು ಹಾಗೆಯೇ. ಮೇಯರ್ ಎಡ್ ಕಾಚ್ ಸೇತುವೆಯ ತುದಿಯಲ್ಲಿ ನಿಂತು ನಡೆದು ಬರುವವರನ್ನು ಹುರಿದುಂಬಿಸಿದ್ದರು. ಅದೇ ಕಾಚ್ ಆ ವರ್ಷ ಬೀದಿಗಳಲ್ಲಿ ಸೈಕಲ್ ದಾರಿಗೆ ಕಟ್ಟೆ ಕಟ್ಟಿಸಿ, ಟೀಕೆ ಬಂದೊಡನೆ ಕೆಲವೇ ವಾರಗಳಲ್ಲಿ ಕೀಳಿಸಿಯೂಬಿಟ್ಟರು. ಬ್ರೂಕ್ಲಿನ್ ಸೇತುವೆಯ ಮೇಲೆ ಕಾರಿನ ಒಂದು ಲೇನು ಸೈಕಲ್ಲಿಗೆ ಸಿಕ್ಕಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯ ತನಕ ರೋಬ್ಲಿಂಗ್ ನಕ್ಷೆಯಲ್ಲಿ ಎತ್ತರಿಸಿಟ್ಟ ಹಲಗೆ ದಾರಿಯ ಮೇಲೆಯೇ ಪ್ರವಾಸಿಗರೂ ಸೈಕಲ್ಲಿನವರೂ ಮೈಗೆ ಮೈ ಉಜ್ಜಿಕೊಂಡು ಬೈದಾಡುತ್ತಿದ್ದರು. ಅಲ್ಲೂ ಜಗಳ ಆ ಇಬ್ಬರದೇ, ಕೆಳಗಿನ ಆರು ಲೇನಿನ ಸುದ್ದಿ ಯಾರೂ ಎತ್ತುವಂತಿರಲಿಲ್ಲ. ಹಾಗಾದರೆ ಯಾರ ಜಾಗವನ್ನು ಯಾರು ಕಿತ್ತುಕೊಂಡರು? 2021ರಲ್ಲಿ ನಡೆದದ್ದನ್ನು ಕಸಿಯುವುದು ಎನ್ನುವವರು 1944ರಲ್ಲೂ 1950ರಲ್ಲೂ ನಡೆದದ್ದಕ್ಕೆ ಯಾವ ಹೆಸರಿಡುತ್ತಾರೆ?

ಎರಡನೆಯ ವಾದ, ‘ಸೈಕಲ್ಲಿನಲ್ಲಿ ಹೋಗುವವರು ಎಷ್ಟು ಜನ ಸ್ವಾಮಿ?’ ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಮಲೆನಾಡಿನ ಕಾಲುಸಂಕ ನೆನಪಾಗುತ್ತದೆ. ಎರಡು ಅಡಿಕೆ ಮರ ಹಾಸಿ, ಹಿಡಿಯಲು ಒಂದು ಬಿದಿರು ಕಟ್ಟಿ, ಅದರ ಕೆಳಗೆ ಆಷಾಢದ ಹಳ್ಳ ಭೋರ್ಗರೆಯುವಾಗ, ಆ ದಿನ ಎಷ್ಟು ಮಕ್ಕಳು ದಾಟಿದರು ಎಂದು ಎಣಿಸಿ, ‘ಈ ಊರಿನಲ್ಲಿ ಶಾಲೆಗೆ ಹೋಗುವ ಮಕ್ಕಳೇ ಕಡಿಮೆ, ಸೇತುವೆ ಯಾಕೆ’ ಎಂದು ವರದಿ ಬರೆಯುವ ಅಧಿಕಾರಿಯನ್ನು ಏನೆನ್ನಬೇಕು? ಅಮ್ಮಂದಿರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡಿದ್ದಾರೆ. ಹಾಗೆ ಉಳಿದವರ ಎಣಿಕೆ ಯಾವ ವರದಿಯಲ್ಲೂ ಬರುವುದಿಲ್ಲ. ಬರಾರ್ಡ್ ಸೇತುವೆಯಲ್ಲೂ ಆ ಎಂಟೂವರೆ ಅಡಿಯ ಮೇಲೆ ಸೈಕಲ್ ಓಡಿಸುವ ಗುಂಡಿಗೆ ಇದ್ದವರನ್ನು ಮಾತ್ರ ಎಣಿಸಿ, ಅವರೆಲ್ಲ ಹದಿಹರೆಯದ ಗಂಡುಹುಡುಗರೇ ಎಂದು ಹೀಯಾಳಿಸುತ್ತಿದ್ದರು. ಅಳುಕುವವರು ಮನೆಯಲ್ಲಿದ್ದರು, ಇಲ್ಲವೇ ಕಾರಿನಲ್ಲಿದ್ದರು. ಕಾರಿನಲ್ಲಿದ್ದವರನ್ನು ಸೈಕಲ್ ವಿರೋಧಿಗಳ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದರು.

ಲೆಕ್ಕವೇ ಬೇಕೆಂದರೆ ವಾಹನದ ಲೆಕ್ಕ ಬಿಟ್ಟು ತಲೆ ಎಣಿಸೋಣ. ಅಮೆರಿಕದ ನಗರಗಳ ಸಾರಿಗೆ ಅಧಿಕಾರಿಗಳ ಸಂಘ ನ್ಯಾಕ್ಟೊ. ಅದರ ಕೈಪಿಡಿಯ ಪ್ರಕಾರ ಸುಮಾರು ಮೂರು ಮೀಟರ್ ಅಗಲದ ಒಂದು ಲೇನಿನಲ್ಲಿ ಕಾರುಗಳೇ ಓಡಿದರೆ ಗಂಟೆಗೆ 600ರಿಂದ 1,600 ಜನ ಹಾಯಬಹುದು. ಅಷ್ಟೇ ಅಗಲದಲ್ಲಿ ತಡೆಗೋಡೆಯ ಸೈಕಲ್ ದಾರಿ ಮಾಡಿದರೆ 7,500 ಜನ. ಫುಟ್‌ಪಾತ್ ಮಾಡಿದರೆ 9,000. ಅಷ್ಟು ಜನ ನಿಜವಾಗಿ ಬರುತ್ತಾರೆಯೇ ಎಂದರೆ ಎಲ್ಲ ಕಡೆ ಬರುವುದಿಲ್ಲ. ಆದರೆ ಜಾಗವನ್ನು ಪೋಲು ಮಾಡುತ್ತಿರುವವರು ಯಾರು ಎಂಬುದಕ್ಕೆ ಈ ಮೂರು ಅಂಕಿ ಸಾಕು. ಒಬ್ಬನೇ ಕೂತು ಹೋಗುವ ಕಾರು ರಸ್ತೆಯಲ್ಲಿ ಆನೆಯ ಜಾಗ ತಿನ್ನುತ್ತದೆ, ಹೊರುವುದು ಒಬ್ಬನನ್ನೇ.

ಮೂರನೆಯದೇ ದೊಡ್ಡ ವಾದ. ಲೇನು ಕಡಿಮೆಯಾದರೆ ಊರೆಲ್ಲ ಜಾಮ್. 2009ರ ಜುಲೈ 13, ಸೋಮವಾರ, ಪ್ರಳಯಕ್ಕೆ ಗೊತ್ತಾದ ಮುಹೂರ್ತ. ದಕ್ಷಿಣಕ್ಕೆ ಹೋಗುವ ಅಂಚಿನ ಲೇನನ್ನು ಕಾಂಕ್ರೀಟ್ ತಡೆಗೋಡೆ ಇಟ್ಟು ಬೇರ್ಪಡಿಸಿದ್ದರು. ಟಿವಿಯವರು ಕ್ಯಾಮೆರಾ ಹೂಡಿ ಕಾದಿದ್ದರು. ನಾನೂ ಮನೆಯಿಂದ ಮುಕ್ಕಾಲು ಗಂಟೆ ಮೊದಲೇ ಕಾರು ತೆಗೆದು ಹೊರಟೆ. ಎಂದಿನ ಹೊತ್ತಿಗಿಂತ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಮುಂಚೆ ಆಫೀಸಿನಲ್ಲಿದ್ದೆ, ಬಾಗಿಲೇ ತೆಗೆದಿರಲಿಲ್ಲ. ಹೊರಗೆ ನಿಂತು ಕಾಫಿ ಕುಡಿದೆ. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ, ಆ ದಿನ ಇಲಿಯೂ ಸಿಗಲಿಲ್ಲ. ತಿಂಗಳ ಕೊನೆಗೆ ನಗರದ ಎಂಜಿನಿಯರ್‌ಗಳು ಲೆಕ್ಕ ಕೊಟ್ಟರು. ಸೈಕಲ್ ಓಡಾಟ ಸರಾಸರಿ ಮೂವತ್ತು ಪ್ರತಿಶತ ಏರಿತ್ತು, ಕಾರುಗಳ ಸಂಖ್ಯೆ ಸ್ವಲ್ಪ ಇಳಿದಿತ್ತು, ಕಾರಿನವರ ಪ್ರಯಾಣದ ಹೊತ್ತು ಸ್ವಲ್ಪ ಹೆಚ್ಚಿತ್ತು. ಹೌದು, ಹೆಚ್ಚಿತ್ತು. ಅದನ್ನು ಮುಚ್ಚಿಡುವ ಸೈಕಲ್ ಭಕ್ತರನ್ನು ಕಂಡರೂ ನನಗಾಗದು. ಆದರೆ ಊರು ನಿಂತುಹೋಗುತ್ತದೆ ಎನ್ನುವುದಕ್ಕೂ ಕಾರಿನಲ್ಲಿ ಇನ್ನೊಂದು ಹಾಡು ಕೇಳುವಷ್ಟು ಹೊತ್ತು ತಡವಾಗುತ್ತದೆ ಎನ್ನುವುದಕ್ಕೂ ಇರುವ ಅಂತರವನ್ನು ವಿರೋಧಿಸುವವರು ಇಂದಿಗೂ ಒಪ್ಪಿಕೊಂಡಿಲ್ಲ.

ಊರು ಯಾಕೆ ನಿಲ್ಲಲಿಲ್ಲ? ಪವಾಡವೇನಲ್ಲ. ಸೇತುವೆಯ ಮೇಲೆ ಸಿಗ್ನಲ್ ಇಲ್ಲ, ಅಡ್ಡ ಬರುವ ರಸ್ತೆಯಿಲ್ಲ, ಪಾರ್ಕಿಂಗ್ ಇಲ್ಲ. ಕಾರು ಅಲ್ಲಿ ಸರಾಗವಾಗಿ ಓಡುತ್ತದೆ. ಅದು ನಿಲ್ಲುವುದು ಸೇತುವೆ ಇಳಿದ ಮೇಲೆ ಸಿಗುವ ಮೊದಲ ಸಿಗ್ನಲ್ಲಿನಲ್ಲಿ. ಒಂದು ಹಸಿರಿಗೆ ಆ ಕೂಡುರಸ್ತೆ ಎಷ್ಟು ಕಾರುಗಳನ್ನು ನುಂಗುತ್ತದೋ ಅಷ್ಟೇ ಸೇತುವೆಯ ಸಾಮರ್ಥ್ಯ. ಮೇಲೆ ಮೂರು ಸಾಲಿನಲ್ಲಿ ಬಂದರೂ ಎರಡು ಸಾಲಿನಲ್ಲಿ ಬಂದರೂ ಕೆಳಗೆ ಕಾಯುವ ಸಾಲು ಒಂದೇ. ಸೇತುವೆ ಹೊಟ್ಟೆಯಿದ್ದ ಹಾಗೆ, ಸಿಗ್ನಲ್ ಗಂಟಲಿದ್ದ ಹಾಗೆ. ಹೊಟ್ಟೆ ಬೆಳೆಸಿದರೆ ಗಂಟಲು ಅಗಲವಾಗುತ್ತದೆಯೇ? ಇದು ಟ್ರಾಫಿಕ್ ಎಂಜಿನಿಯರ್‌ಗಳಿಗೆಲ್ಲ ಗೊತ್ತಿರುವ ಪಾಠ. ಬೀದಿಗಿಂತ ಸೇತುವೆಯ ಲೇನನ್ನು ತೆಗೆದುಕೊಳ್ಳುವುದೇ ಎಷ್ಟೋ ಸಲ ಸುಲಭ ಎಂದೂ ಇದೇ ಪಾಠ ಹೇಳುತ್ತದೆ. ‘ಬೀದಿಯಲ್ಲಿ ಮಾಡಿ, ಸೇತುವೆಯಲ್ಲಿ ಬೇಡ’ ಎನ್ನುವವರು ಎಂಜಿನಿಯರಿಂಗ್ ಲೆಕ್ಕದಲ್ಲೂ ಉಲ್ಟಾ ನಿಂತಿದ್ದಾರೆ.

ಇನ್ನೊಂದು ಕಾರಣ ಮನುಷ್ಯರ ಸ್ವಭಾವ. ಬ್ರಿಟನ್ನಿನ ಸಂಶೋಧಕರಾದ ಸ್ಯಾಲಿ ಕೇರ್ನ್ಸ್, ಸ್ಟೀಫನ್ ಅಟ್ಕಿನ್ಸ್, ಫಿಲ್ ಗುಡ್ವಿನ್ ರಸ್ತೆಯ ಜಾಗ ಕಡಿಮೆ ಮಾಡಿದ ಎಪ್ಪತ್ತಕ್ಕೂ ಹೆಚ್ಚು ಪ್ರಸಂಗಗಳನ್ನು ಕೂಡಿಹಾಕಿ 2002ರಲ್ಲಿ ವರದಿ ಮಾಡಿದರು. ಕೆಲವು ಬೇಕೆಂದೇ ಮಾಡಿದ್ದು, ಕೆಲವು ಭೂಕಂಪ, ದುರಸ್ತಿಗಳಿಂದ ಒದಗಿದ್ದು. ಜಾಗ ಕಡಿಮೆಯಾದ ರಸ್ತೆ, ಸುತ್ತಲಿನ ರಸ್ತೆ ಎಲ್ಲ ಸೇರಿಸಿ ನೋಡಿದಾಗ ಅರ್ಧದಷ್ಟು ಕಡೆ ಸಂಚಾರ ಹತ್ತು ಹನ್ನೊಂದು ಪ್ರತಿಶತಕ್ಕಿಂತ ಹೆಚ್ಚು ಇಳಿದಿತ್ತು. ಆ ಕಾರುಗಳು ಎಲ್ಲಿ ಹೋದವು? ಎಲ್ಲೂ ಹೋಗಲಿಲ್ಲ. ಒಬ್ಬ ಅರ್ಧ ಗಂಟೆ ಬೇಗ ಹೊರಟ, ಒಬ್ಬಳು ಬಸ್ ಹತ್ತಿದಳು, ಮತ್ತೊಬ್ಬ ಎರಡು ಸಲ ಹೋಗುವ ಅಂಗಡಿಗೆ ಒಂದೇ ಸಲ ಹೋದ. ಟ್ರಾಫಿಕ್ಕನ್ನು ನಾವು ಹೊಳೆಯ ನೀರಿನ ಹಾಗೆ ಭಾವಿಸುತ್ತೇವೆ, ಇಲ್ಲಿ ತಡೆದರೆ ಅಲ್ಲಿ ಉಕ್ಕುತ್ತದೆ ಎಂದು. ನೀರಿಗೆ ತಲೆಯಿಲ್ಲ. ಕಾರಿನೊಳಗೆ ಕೂತವನಿಗೆ ಇದೆ, ಕೆಲವೊಮ್ಮೆ ಅದನ್ನು ಬಳಸುತ್ತಾನೆ ಕೂಡ.

ಸಭ್ಯರಿಗೆ ಇಷ್ಟು ಹೇಳಿದರೆ ನಡುದಾರಿಯೊಂದನ್ನು ತೋರಿಸುತ್ತಾರೆ. ಕಾರಿನ ಲೇನು ಮುಟ್ಟಬೇಡಿ, ಸೇತುವೆಯನ್ನೇ ಅಗಲ ಮಾಡಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವ್ಯಾಂಕೂವರ್ ಈ ಕಸರತ್ತನ್ನೂ ಮಾಡಿ ನೋಡಿದೆ. 2005ರ ಮೇ ತಿಂಗಳಲ್ಲಿ ಕೌನ್ಸಿಲ್ ಎರಡೂ ಅಂಚಿನ ಲೇನುಗಳನ್ನು ಪ್ರಯೋಗಕ್ಕೆಂದು ಸೈಕಲ್ಲಿಗೆ ಕೊಡಲು ಒಪ್ಪಿತ್ತು. ಅದೇ ವರ್ಷದ ಕೊನೆಗೆ ಚುನಾವಣೆ ಬಂದು ಸ್ಯಾಮ್ ಸಲಿವನ್ ಮೇಯರ್ ಆದರು. ಹೊಸ ಕೌನ್ಸಿಲ್ ಪ್ರಯೋಗ ಕೈಬಿಟ್ಟು, ಸೇತುವೆಯ ಎರಡೂ ಬದಿಗೆ ರೆಕ್ಕೆ ಕಟ್ಟಿ ಫುಟ್‌ಪಾತನ್ನು ಹೊರಕ್ಕೆ ಚಾಚುವ ಯೋಜನೆ ಹಿಡಿಯಿತು. ಪಾರಂಪರಿಕ ಕಟ್ಟಡಗಳ ಅಭಿಮಾನಿಗಳು ಸೇತುವೆಯ ರೂಪ ಕೆಡುತ್ತದೆಂದು ಎದ್ದು ನಿಂತರು. ಖರ್ಚಿನ ಅಂದಾಜು ಒಂದೇ ಸಮನೆ ಏರಿತು, ಹಲವು ಪಟ್ಟಾಯಿತು. ಕೊನೆಗೆ ರೆಕ್ಕೆಯೂ ಇಲ್ಲ, ಲೇನೂ ಇಲ್ಲ, ವರ್ಷಗಳು ಹೋದವು. ಅಮ್ಮ ಕಟಕಟೆ ಹಿಡಿದು ನಡೆದದ್ದು ಆ ವರ್ಷಗಳಲ್ಲೇ. ಕೋಟಿಗಟ್ಟಲೆ ಡಾಲರ್ ಸುರಿಯಲು ಮನಸ್ಸಿದೆ, ಆರರಲ್ಲಿ ಒಂದು ಲೇನು ಬಿಡಲು ಮನಸ್ಸಿಲ್ಲ. ಉಳಿತಾಯದ ಮಾತಾಡುವವರೇ ಈ ಮಾತನ್ನೂ ಆಡುತ್ತಿದ್ದರು.

ಜನಾಭಿಪ್ರಾಯ ವಿರುದ್ಧವಿದೆ ಎಂಬ ಇನ್ನೊಂದು ವಾದವಿದೆ. ಜನಾಭಿಪ್ರಾಯ ಯಾವಾಗಿನದು ಎಂದು ಕೇಳಬೇಕು. 1996ರಲ್ಲೇ ಬರಾರ್ಡ್ ಸೇತುವೆಯಲ್ಲಿ ಆರು ತಿಂಗಳ ಪ್ರಯೋಗ ಶುರುವಾಗಿತ್ತು. ಕಾರಿನವರ ಬೊಬ್ಬೆಗೆ ಒಂದೇ ವಾರಕ್ಕೆ ನಿಲ್ಲಿಸಿದರು. ಹೊಸ ಚಪ್ಪಲಿ ಕಚ್ಚುವುದೇ ಮೊದಲ ವಾರ. ಆ ವಾರದ ಕಿರುಚಾಟವನ್ನು ಜನಾದೇಶವೆಂದು ತಿಳಿದ ತಪ್ಪಿಗೆ ಊರು ಹದಿಮೂರು ವರ್ಷ ಕಾಯಿತು. 2009ರಲ್ಲಿ ಪ್ರಯೋಗ ಮಾಡಿದ ಮೇಯರ್ ಗ್ರೆಗರ್ ರಾಬರ್ಟ್‌ಸನ್ ರಾಜಕೀಯವಾಗಿ ಮುಗಿದರು ಎಂದು ಪತ್ರಿಕೆಗಳಲ್ಲಿ ಬರೆದವರಿದ್ದರು. 2011ರಲ್ಲಿ ಗೆದ್ದರು, 2014ರಲ್ಲೂ ಗೆದ್ದರು. ಸೈಕಲ್ಲಿನಿಂದಲೇ ಗೆದ್ದರು ಎನ್ನಲಾರೆ, ಚುನಾವಣೆಗೆ ನೂರು ಕಾರಣ. ಸೈಕಲ್ಲಿನಿಂದ ಸೋಲಲಿಲ್ಲ ಎನ್ನುವುದಷ್ಟೇ ಖಚಿತ.

ರಾಬರ್ಟ್‌ಸನ್ ಕೌನ್ಸಿಲ್ಲಿನ ಮೇಲೆ ನನಗೂ ಒಂದು ಸಿಟ್ಟಿದೆ, ಹೇಳಿಯೇ ಬಿಡುತ್ತೇನೆ. 2009ರಲ್ಲಿ ಅವರು ಕಾರಿನಿಂದ ತೆಗೆದುಕೊಂಡದ್ದು ಒಂದೇ ಲೇನು. ದಕ್ಷಿಣಕ್ಕೆ ಹೋಗುವ ಸೈಕಲ್ಲಿಗೆ ಅದನ್ನು ಕೊಟ್ಟರು. ಉತ್ತರಕ್ಕೆ ಬರುವ ಸೈಕಲ್ಲಿಗೆ ಕೊಟ್ಟದ್ದು ಪೂರ್ವದ ಫುಟ್‌ಪಾತನ್ನು, ನಡೆಯುವವರನ್ನು ಅಲ್ಲಿಂದ ಎಬ್ಬಿಸಿ. ಎರಡನೆಯ ಲೇನು ಕೇಳುವ ಧೈರ್ಯ ಸಾಲದೆ, ಕೇಳಿದರೆ ಕಿರುಚದ ಬಡಪಾಯಿಯ ಜಾಗ ತೆಗೆದುಕೊಂಡರು. ಎಂಟು ವರ್ಷ ಆ ಬದಿಯಲ್ಲಿ ನಡೆಯುವವರಿಗೆ ಪ್ರವೇಶವಿರಲಿಲ್ಲ. ಇದರ ಬಗ್ಗೆ ಪತ್ರಿಕೆಗಳಲ್ಲಿ ಬೆಂಕಿ ಹತ್ತಲಿಲ್ಲ, ರೇಡಿಯೊದಲ್ಲಿ ಯಾರೂ ಗಂಟಲು ಹರಿದುಕೊಳ್ಳಲಿಲ್ಲ. ಕಾರಿನ ಆರರಲ್ಲಿ ಒಂದು ಹೋದರೆ ಅನ್ಯಾಯ, ಕಾಲಿನ ಎರಡರಲ್ಲಿ ಒಂದು ಹೋದರೆ ಹೊಂದಾಣಿಕೆ. 2017ರಲ್ಲಿ, ಸೇತುವೆಯ ದುರಸ್ತಿಯ ಜತೆಗೆ, ಉತ್ತರಕ್ಕೆ ಬರುವ ಕಡೆಯೂ ಕಾರಿನ ಒಂದು ಲೇನು ತೆಗೆದು ಸೈಕಲ್ಲಿಗೆ ಕೊಟ್ಟು, ಪೂರ್ವದ ಫುಟ್‌ಪಾತನ್ನು ನಡೆಯುವವರಿಗೆ ಮರಳಿಸಿದರು. ಆಗಲೂ ಊರು ನಿಲ್ಲಲಿಲ್ಲ. ಇವತ್ತು ಆ ಸೇತುವೆಯ ಮೇಲೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ಸವಾರಿಗಳು ನಡೆಯುತ್ತವೆ. ಮಕ್ಕಳನ್ನು ಮುಂದಿನ ಡಬ್ಬಿಯಲ್ಲಿ ಕೂರಿಸಿಕೊಂಡ ತಾಯಂದಿರು, ಊಟ ತಲುಪಿಸುವ ಹುಡುಗರು, ಹೆಲ್ಮೆಟ್ಟಿನ ಕೆಳಗೆ ಪಗಡಿ ಕಟ್ಟಲಾಗದೆ ಬರೀ ಪಗಡಿಯಲ್ಲೇ ಹೋಗುವ ಸರ್ದಾರ್ಜಿಗಳು.

‘ಅದು ವ್ಯಾಂಕೂವರ್, ಬೆಂಗಳೂರಲ್ಲಿ ಆಗೋ ಮಾತಾ?’ ಎಂದು ಊರಿಗೆ ಬಂದಾಗೆಲ್ಲ ಕೇಳುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ದಿಕ್ಕಿಗೆ, ಸೈಕಲ್ ದಾರಿಯೊಂದನ್ನು ಮಾಡಿದ್ದರು. ತಡೆಗೋಡೆಯ ಬದಲು ಪ್ಲಾಸ್ಟಿಕ್ ಕಂಬ. ಮುಂದಿನ ಸಲ ನಾನು ಬಂದು ನೋಡುವಾಗ ಅರ್ಧ ಕಂಬಗಳು ಬುಡದಲ್ಲಿ ಮುರಿದು ಬಿದ್ದಿದ್ದವು, ಒಳಗೆ ಬೈಕುಗಳು ಓಡುತ್ತಿದ್ದವು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಕಥೆ ಮುಗಿಯಿತು. ಇದರಿಂದ ‘ನಮ್ಮಲ್ಲಿ ಸೈಕಲ್ ದಾರಿ ನಡೆಯಲ್ಲ’ ಎಂಬ ತೀರ್ಪು ಹೊರಟಿತು. ಬರಾರ್ಡ್ ಸೇತುವೆಯ ಕಾಂಕ್ರೀಟ್ ಗೋಡೆಯ ಬದಲು ಪ್ಲಾಸ್ಟಿಕ್ ಕಂಬ ಇಟ್ಟಿದ್ದರೆ ಅಲ್ಲೂ ನಡೆಯುತ್ತಿರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ಬೆಂಗಳೂರಿನ ಮೇಲ್ಸೇತುವೆಗಳ ಬಾಯಲ್ಲಿ ನಡೆಯುವವರಿಗೆ, ಸೈಕಲ್ಲಿಗೆ ಪ್ರವೇಶವಿಲ್ಲವೆಂದು ಬೋರ್ಡು ಇರುತ್ತದೆ. ಒಪ್ಪೋಣ. ಹಾಗಾದರೆ ಕೆಳಗೆ ಅವರ ಜಾಗ ಎಲ್ಲಿ ಎಂದು ನೋಡಿದರೆ ಅದರ ಮೇಲೆ ಮೇಲ್ಸೇತುವೆಯ ಕಂಬ ನಿಂತಿರುತ್ತದೆ. ರಾತ್ರಿ ಪಾಳಿ ಮುಗಿಸಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ತುಳಿಯುವ ಸೆಕ್ಯುರಿಟಿಯವರನ್ನು ನೋಡಿದ ಮೇಲೂ ಸೈಕಲ್ ಎಂದರೆ ಶೋಕಿ ಜನರ ಹವ್ಯಾಸ ಎನ್ನುವವರಿಗೆ ಯಾವ ಅಂಕಿ ತೋರಿಸಿಯೂ ಪ್ರಯೋಜನವಿಲ್ಲ.

ಇನ್ನು ಗ್ರಾನ್‌ವಿಲ್ ಸೇತುವೆ. 1954ರಲ್ಲಿ ಎಂಟು ಲೇನು ಮಾಡಿ ಕಟ್ಟಿದ್ದು. ಹೆದ್ದಾರಿಗೆ ಒಪ್ಪುವ ಅಗಲ. ಆದರೆ ಡೌನ್‌ಟೌನಿನ ಒಳಗೆ ಹೆದ್ದಾರಿ ಬರಲೇ ಇಲ್ಲ. 1960ರ ದಶಕದ ಕೊನೆಯಲ್ಲಿ ಹೆದ್ದಾರಿ ಹಾಯಿಸಲು ಹೊರಟಾಗ ಚೈನಾಟೌನಿನ, ಸ್ಟ್ರಾತ್‌ಕೋನಾದ ಜನ ಎದ್ದು ತಡೆದರು. ಉಳಿದದ್ದು ಎರಡು ಮೇಲ್ಸೇತುವೆಯ ತುಂಡು ಮಾತ್ರ. ಹಾಗಾಗಿ ಗ್ರಾನ್‌ವಿಲ್ ಎಂಟು ಲೇನು ಹೊತ್ತುಕೊಂಡು ಎರಡೂ ತುದಿಯಲ್ಲಿ ಮಾಮೂಲಿ ಬೀದಿಗಳಿಗೆ ಇಳಿಯುತ್ತಿತ್ತು. ಗಂಟಲಿಗಿಂತ ಎಷ್ಟೋ ದೊಡ್ಡ ಹೊಟ್ಟೆ. ನಡೆಯುವವರಿಗೆ ಅಲ್ಲಿ ಇದ್ದದ್ದು ಇಕ್ಕಟ್ಟಾದ ಅಂಚು, ಅದನ್ನೂ ಕಾರುಗಳು ಜೋರಾಗಿ ಇಳಿಯುವ ಓರೆರಸ್ತೆಗಳು ನಡುನಡುವೆ ಕತ್ತರಿಸುತ್ತಿದ್ದವು. ಅಷ್ಟು ದೊಡ್ಡ ಸೇತುವೆಯ ಪಶ್ಚಿಮ ಬದಿಯಲ್ಲಿ ಎರಡು ಲೇನು ತೆಗೆದು, ನಡೆಯುವವರಿಗೂ ಸೈಕಲ್ಲಿಗೂ ದಾರಿ ಮಾಡುವ ಕೆಲಸ ಈಚೆಗೆ ನಡೆಯಿತು.

ಕೆಲಸ ನಡೆಯುತ್ತಿದ್ದಾಗ ಯುಗಾದಿಯ ಊಟದಲ್ಲಿ ದಾವಣಗೆರೆಯ ಗೆಳೆಯರು ಸಿಕ್ಕರು. ತಲೆ ಪೂರ್ತಿ ನೆರೆತಿದೆ. ಬರಾರ್ಡ್ ಸೇತುವೆಯ ಮೇಲೆ ಮೊಮ್ಮಗಳನ್ನು ಕರೆದುಕೊಂಡು ವಾಕಿಂಗ್ ಹೋಗುತ್ತಾರಂತೆ, ‘ಚೆನ್ನಾಗಿ ಮಾಡಿದಾರೆ ಕಣ್ರೀ, ಅಲ್ಲಿಂದ ಸಮುದ್ರ ಎಷ್ಟು ಚೆಂದ’ ಎಂದರು. ನಾನು ಹದಿನೈದು ವರ್ಷದ ಸೇಡು ತೀರಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, ಹಾಗಾದರೆ ಗ್ರಾನ್‌ವಿಲ್ ವಿಷಯದಲ್ಲಿ ಏನಂತೀರಿ ಎಂದು ಕೇಳಿದೆ. ಅವರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಗಂಭೀರವಾಗಿ ತಲೆ ಅಲ್ಲಾಡಿಸಿದರು.

‘ಬರಾರ್ಡ್ ಬೇರೆ ವಿಷಯ ಬಿಡಿ. ಸೈಕಲ್‌ಗೆ ನನ್ನ ವಿರೋಧ ಏನೂ ಇಲ್ಲ. ಆದರೆ ಗ್ರಾನ್‌ವಿಲ್ ಮೇಲೆ ಯಾಕೆ?’